1989ರ ಪ್ರಿನ್ಸ್ ಆಫ್ ಪರ್ಷಿಯಾ: ಡಾಸ್ ಮೂಲ, ಎಸ್‌ಡಿಎಲ್‌ಪಾಪ್, ಸೂಪರ್ ನಿಂಟೆಂಡೊ, 2007ರ ಕ್ಲಾಸಿಕ್, ಮಾಡ್‌ಗಳು. ಯಾವುದನ್ನ ಆಡೋದು?

ಹಳೇಫ್ಲಾಪಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಳೇ ಪ್ರಿನ್ಸ್ ಆಫ್ ಪರ್ಷಿಯಾವನ್ನ ಮೊದಲಿಂದ ಕೊನೇವರೆಗೆ ಸರಿಯಾಗಿ ಒಮ್ಮೆ ಮುಗಿಸಬೇಕು ಅಂತಿದೀನಿ. 2003ರ ನಂತರದ ಮೂರು ಆಯಾಮದ ಸರಣಿ ಬೇಡ. 60 ನಿಮಿಷದ ಗಡಿಯಾರ, ಮುಳ್ಳು, ಅಲುಗಾಡೋ ಕಲ್ಲು ಇರೋ ಆ ಹಳೇದೇ ಬೇಕು. ಹುಡುಕಿದಾಗ ನಾಲ್ಕು ದಾರಿ ಸಿಕ್ಕಿದೆ: ಡಾಸ್‌ಬಾಕ್ಸ್‌ನಲ್ಲಿ (ಹಳೇ ಡಾಸ್ ಪ್ರೋಗ್ರಾಮ್ ಓಡಿಸೋ ತಂತ್ರಾಂಶ) ಡಾಸ್ ಮೂಲ, ಎಸ್‌ಡಿಎಲ್‌ಪಾಪ್ (ಅದೇ ಡಾಸ್ ಆಟವನ್ನ ಈಗಿನ ಕಂಪ್ಯೂಟರಿಗೆ ಮತ್ತೆ ಬರೆದದ್ದು), ಸೂಪರ್ ನಿಂಟೆಂಡೊ ಆವೃತ್ತಿ, 2007ರ ಪ್ರಿನ್ಸ್ ಆಫ್ ಪರ್ಷಿಯಾ ಕ್ಲಾಸಿಕ್. ನಕ್ಷೆ ಒಂದೇ ಆದ್ಮೇಲೆ ಯಾವುದಾದ್ರೇನು ಅಂತ ಕೆಲವರು ಅಂತಾರೆ. ನಿಜಾನಾ?

ಇನ್ನೂ ಮೂರು ಗೊಂದಲ ಇದೆ.

ಎಸ್‌ಡಿಎಲ್‌ಪಾಪ್‌ನ ಐಎನ್‌ಐ ಫೈಲಲ್ಲಿ (ಸೆಟ್ಟಿಂಗ್ ಬರೆಯೋ ಫೈಲ್) ಫಿಕ್ಸ್‌ಗಳ, ಅಂದ್ರೆ ಹಳೇ ಆಟದ ತಪ್ಪು ತಿದ್ದೋ ಆಯ್ಕೆಗಳ, ಒಂದು ಮಾರುದ್ದದ ಪಟ್ಟಿ ಇದೆ. ಎಲ್ಲಾ ಆನ್ ಮಾಡೋದಾ, ಆಫ್ ಮಾಡೋದಾ?

1920×1080 ಪರದೆಯಲ್ಲಿ ಚಿತ್ರ ಚಪ್ಪಟೆಯಾಗಿ ಕಾಣ್ತಿದೆ. ರಾಜಕುಮಾರನನ್ನ ಯಾರೋ ತಲೆ ಮೇಲೆ ಒತ್ತಿದ ಹಾಗೆ.

ಒಂದು ಮಾಡ್ (ಅಭಿಮಾನಿಗಳು ಬದಲಿಸಿ ಕಟ್ಟಿದ ಲೆವೆಲ್‌ಗಳು) ಇಳಿಸಿ ಹಾಕಿದೆ. ಅದರ ಸ್ಕ್ರೀನ್‌ಶಾಟ್‌ನಲ್ಲಿ ಮೊದಲ ಲೆವೆಲ್ ಅರಮನೆ. ನನ್ನಲ್ಲಿ ಅದೇ ನಕ್ಷೆ ಸೆರೆಮನೆ ಕಲ್ಲಿನಲ್ಲಿ ಬರ್ತಿದೆ, ಕಾವಲುಗಾರರ ಜೀವವೂ ಬೇರೆ. ಫೈಲ್ ಕೆಟ್ಟಿದೆಯಾ?

---

ಮೂರನೇಮಹಡಿ

ನಕ್ಷೆ ಒಂದೇ ಆದ್ರೆ ಆಟ ಒಂದೇ ಅನ್ನೋದು ಈ ಆಟಕ್ಕೆ ಮಾತ್ರ ಸುತಾರಾಂ ಒಪ್ಪೋದಿಲ್ಲ ಗುರು. ಇದರಲ್ಲಿ ನಕ್ಷೆಗಿಂತ ಮುಖ್ಯ ತಾಳ.

ಡಾಸ್‌ನಲ್ಲಿ ಆಟದ ಟೈಮರ್ ಸೆಕೆಂಡಿಗೆ 60 ಸಲ ಬಡಿಯುತ್ತೆ. ಅಂಥ 5 ಬಡಿತಕ್ಕೆ ಒಂದು ಚಿತ್ರ, ಅಂದ್ರೆ ಸೆಕೆಂಡಿಗೆ 12. ಒಂದೊಂದು ಭಂಗಿ ಸುಮಾರು 83 ಮಿಲಿಸೆಕೆಂಡ್ ನಿಲ್ಲುತ್ತೆ. ಕತ್ತಿ ಹಿರಿದ ಕೂಡಲೇ 5ರ ಬದಲು 6 ಬಡಿತಕ್ಕೆ ಒಂದು ಚಿತ್ರ ಆಗುತ್ತೆ, ಸೆಕೆಂಡಿಗೆ 10. ಕಾದಾಟ ಭಾರವಾಗಿ, ತೂಗಿ ತೂಗಿ ನಡೆಯೋ ಹಾಗೆ ಅನಿಸೋದು ಇದರಿಂದಲೇ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ: ಆಟದ ಗಡಿಯಾರ ಎಣಿಸೋದು ಸೆಕೆಂಡನ್ನಲ್ಲ, ಚಿತ್ರಗಳನ್ನ. 720 ಚಿತ್ರಕ್ಕೆ ಒಂದು ನಿಮಿಷ. ಹಾಗಾಗಿ ಕತ್ತಿ ಹಿಡಿದು ನಿಂತಿರೋವಾಗ ಆಟದ ಒಂದು ನಿಮಿಷಕ್ಕೆ ನಿಮ್ಮ ಕೈಗಡಿಯಾರದಲ್ಲಿ 72 ಸೆಕೆಂಡ್ ಆಗುತ್ತೆ. ಕಾವಲುಗಾರನ ಹತ್ತಿರ ಎಚ್ಚರದಿಂದ ಆಡಿದ್ರೆ ನೀವು ಅಂದುಕೊಂಡಷ್ಟು ಸಮಯ ಹಾಳಾಗಲ್ಲ.

ಈಗ ನಿಮ್ಮ ನಾಲ್ಕು ದಾರಿ.

2007ರ ಕ್ಲಾಸಿಕ್ ಗೇಮ್‌ಲಾಫ್ಟ್ ಮಾಡಿದ್ದು. ಮೊದಲು ಎಕ್ಸ್‌ಬಾಕ್ಸ್ 360ಗೆ ಬಂತು, 2008ರಲ್ಲಿ ಪ್ಲೇಸ್ಟೇಷನ್ 3ಗೆ. ಲೆವೆಲ್‌ಗಳ ವಿನ್ಯಾಸ ಹಳೇದೇ, ಟೈಮ್ ಅಟ್ಯಾಕ್ ಮತ್ತು ಸರ್ವೈವಲ್ ಅಂತ ಎರಡು ಬಗೆ ಸೇರಿಸಿದ್ದಾರೆ. ನೋಡೋಕೆ ಚೆನ್ನಾಗಿದೆ, ಬೆಳಕು ನೆರಳೆಲ್ಲ ಇದೆ. ಚಲನೆ ನುಣುಪಾಗಿರೋದೇ ಅದರ ತೊಂದರೆ. ಹಳೇದರಲ್ಲಿ ಕಾಲು ಎಲ್ಲಿದೆ ಅಂತ ಭಂಗಿ ನೋಡಿ ಎಣಿಸಬಹುದು: ಇನ್ನೊಂದು ಹೆಜ್ಜೆ, ಈಗ ಹಾರು. ನುಣುಪಾದ ಚಲನೆಯಲ್ಲಿ ಆ ಎಣಿಕೆ ಕೈಗೆ ಸಿಗಲ್ಲ. ಮೊದಲ ಸಲ ಆಡೋವ್ರಿಗೆ ಇದೇನೂ ಗೊತ್ತಾಗಲ್ಲ. ಡಾಸ್‌ನಲ್ಲಿ ಬೆರಳು ಪಳಗಿದವರು ಮಾತ್ರ ಮೊದಲ ದಿನ ಗುಂಡಿಗೆ ಬೀಳ್ತಾನೇ ಇರ್ತಾರೆ.

ಸೂಪರ್ ನಿಂಟೆಂಡೊದ್ದು 1992ರದು, ಜಪಾನಿನ ಆರ್ಸಿಸ್ ಸಾಫ್ಟ್‌ವೇರ್ ಮಾಡಿದ್ದು. ಇದನ್ನ ಪೋರ್ಟ್ (ಅದೇ ಆಟವನ್ನ ಬೇರೆ ಯಂತ್ರಕ್ಕೆ ತಂದದ್ದು) ಅಂತ ಕರೆಯೋದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. 20 ಲೆವೆಲ್, 120 ನಿಮಿಷ, ಪಾಸ್‌ವರ್ಡ್, ತರಬೇತಿಗೆ ಬೇರೆ ಲೆವೆಲ್. ಹಳೇ ಆಟದ ಎಲುಬಿನ ಮೇಲೆ ಕಟ್ಟಿದ ಇನ್ನೊಂದು ಆಟ. ಸಮಯ ದುಪ್ಪಟ್ಟಾಯ್ತು, ಸಲೀಸು ಅಂದ್ಕೋಬೇಡಿ, ಲೆವೆಲ್‌ಗಳೂ ಉದ್ದುದ್ದ ಇವೆ. ಅಂದಹಾಗೆ ರಾಜಕುಮಾರನಿಗೆ ಮೊದಲು ಮುಂಡಾಸು ಸುತ್ತಿ ತೋಳಿಲ್ಲದ ಅಂಗಿ ತೊಡಿಸಿದ್ದೂ ಇದೇ ಆರ್ಸಿಸ್‌ನವರು, 1990ರಲ್ಲಿ ಪಿಸಿ-98 ಅನ್ನೋ ಜಪಾನಿ ಕಂಪ್ಯೂಟರಿನ ಆವೃತ್ತಿಯಲ್ಲಿ. ಈ ಆಟ ಸೃಷ್ಟಿಸಿದ ಜೋರ್ಡನ್ ಮೆಕ್ನರ್ ಅವರ ಆಪಲ್ 2 ಮೂಲದಲ್ಲಿ, ನಮ್ಮ ಕಡೆ ಬಹಳ ಜನ ಕಂಡಿರೋ ಡಾಸ್‌ನಲ್ಲಿ, ಅವನು ಬರೀ ಬಿಳಿ ಬಟ್ಟೆಯ ಹುಡುಗ.

ಎಸ್‌ಡಿಎಲ್‌ಪಾಪ್ ಅಂದ್ರೆ ಡಾಸ್ ಪ್ರೋಗ್ರಾಮನ್ನ ಬಿಡಿಬಿಡಿಯಾಗಿ ಬಿಚ್ಚಿ, ಸಿ ಭಾಷೆಯಲ್ಲಿ ಮತ್ತೆ ಬರೆದದ್ದು. ಆ 5 ಮತ್ತು 6ರ ಲೆಕ್ಕ ಅದರಲ್ಲಿ ಹಾಗೇ ಇದೆ. ಭಂಗಿಗಳ ಸರಣಿ ಕೂಡ ಸೀಕ್ವೆನ್ಸ್ ಟೇಬಲ್ ಅನ್ನೋ ಫೈಲಲ್ಲಿ ಹಾಗೇ ಕೂತಿದೆ. ನನ್ನ ಉತ್ತರ ಇದೇ: ಎಸ್‌ಡಿಎಲ್‌ಪಾಪ್ ಹಾಕಿ, ಫಿಕ್ಸ್‌ಗಳನ್ನೆಲ್ಲ ಆನ್ ಮಾಡಿ ಆಡಿ. ಮುಗಿದ ಮೇಲೆ ಸೂಪರ್ ನಿಂಟೆಂಡೊದ್ದನ್ನ ಹೊಸ ಆಟ ಅಂತ ತಗೊಳ್ಳಿ.

---

ಕಂಟ್ರೋಲ್‌ಜಿ

ಮ್ಯಾಲಿನವರು ಹೇಳಿದ ತಾಳದ ಲೆಕ್ಕ ಬರೋಬ್ಬರಿ ಅದರೀ. ನಾ ಪರದೆ ವಿಷಯ ಹೇಳ್ತೀನಿ.

ಆಟದ ಚಿತ್ರ 320×200. ಹಳೇ ಮಾನಿಟರಿನಾಗ ಇದು 4:3 ಪರದೆ ಪೂರಾ ತುಂಬತಿತ್ತು, ಅಂದ್ರ ಒಂದೊಂದು ಚುಕ್ಕಿ ಅಗಲಕ್ಕಿಂತ 1.2 ಪಟ್ಟು ಎತ್ತರ. ಈಗಿನ ಪರದೆ ಮ್ಯಾಲೆ ಚುಕ್ಕಿ ಚೌಕ. ಅದಕ್ಕ ರಾಜಕುಮಾರ ಗಿಡ್ಡ ಕಾಣ್ತಾನ. ಎಸ್‌ಡಿಎಲ್‌ಪಾಪ್ ಐಎನ್‌ಐನಾಗ "ಯೂಸ್ ಕರೆಕ್ಟ್ ಆಸ್ಪೆಕ್ಟ್ ರೇಶಿಯೋ" ಅಂತ ಸಾಲು ಅದ, ಅದನ್ನ ಟ್ರೂ ಮಾಡ್ರಿ. ಫೈಲಿನಾಗ ಪದಗಳ ನಡುವ ಅಂಡರ್‌ಸ್ಕೋರ್ ಇರ್ತದ, ಹಂಗ ಹುಡುಕ್ರಿ.

ಅಲ್ಲಿಗೆ ಮುಗೀಲಿಲ್ಲ. ಒಂದು ಚುಕ್ಕಿನೂ ಹೆಚ್ಚುಕಮ್ಮಿ ಆಗದಂಗ 4:3 ಬರಬೇಕಂದ್ರ ಅಡ್ಡಕ್ಕ 5 ಪಟ್ಟು, ಉದ್ದಕ್ಕ 6 ಪಟ್ಟು ಬೇಕು: 1600×1200. ನಿಮ್ಮ ಪರದೆ ಎತ್ತರ 1080, ಹಿಡಿಯೂದಿಲ್ಲ. ಹಂಗಾಗಿ ಚುಕ್ಕಿಗಳು ಒಂದು ದಪ್ಪ ಒಂದು ಸಣ್ಣ ಆಗ್ತಾವ, ಇಟ್ಟಂಗಿ ಗೋಡಿ ಮ್ಯಾಲೆ ಚಂದಾಗಿ ಗೊತ್ತಾಗ್ತದ. "ಸ್ಕೇಲಿಂಗ್ ಟೈಪ್" ಸಾಲಿನಾಗ ಶಾರ್ಪ್, ಫಝಿ, ಬ್ಲರಿ ಅಂತ ಮೂರು ಅದಾವ. 1080ಕ್ಕ ಫಝಿ ಇಡ್ರಿ. ಮೊದಲ ಎರಡು ಪಟ್ಟು ಚೂಪಾಗಿ ಹಿಗ್ಗಿಸಿ, ಆಮ್ಯಾಲೆ ಮೆತ್ತಗ ಮಾಡ್ತದ. ಶಾರ್ಪ್ ಇಟ್ರ ಏರುಪೇರು, ಬ್ಲರಿ ಇಟ್ರ ಮಂಜು ಹೊಡದಂಗ.

ಡಾಸ್‌ಬಾಕ್ಸ್‌ನಾಗೂ ಆಸ್ಪೆಕ್ಟ್ ಟ್ರೂ ಮಾಡ್ರಿ. ಸೈಕಲ್ಸ್ (ಡಾಸ್‌ಬಾಕ್ಸ್ ತೋರಿಸೂ ಪ್ರೊಸೆಸರ್ ವೇಗ) 3000ಕ್ಕ ಕಟ್ಟಿದ್ರ ಸಾಕು. ಹೆಚ್ಚು ಮಾಡಿದ್ರ ಆಟ ಓಡ್ತದ ಅಂತ ಅಂಜಬ್ಯಾಡ್ರಿ, ಈ ಆಟ ಟೈಮರ್ ನೋಡಿ ನಡೀತದ, ಪ್ರೊಸೆಸರ್ ವೇಗ ನೋಡಿ ಅಲ್ಲ.

ಡಾಸ್ ಮೂಲದಾಗ ಎಡವೋ ಜಾಗ ಎರಡು. ಒಂದು, ಮೊದಲ ಲೆವೆಲ್ ಮುಗಿದ ಕೂಡಲೇ ಬಾಟ್ಲಿ ತುಂಬಿದ ಖೋಲಿ ಬರ್ತದ. ಮ್ಯಾನುವಲ್‌ನ ಇಂಥಾ ಪುಟ, ಇಂಥಾ ಸಾಲು, ಇಂಥಾ ಪದದ ಮೊದಲ ಅಕ್ಷರ ಯಾವುದೋ ಆ ಬಾಟ್ಲಿ ಕುಡೀಬೇಕು. ತಪ್ಪು ಕುಡದ್ರ ಜೀವಕ್ಕ ಪೆಟ್ಟು. ಅದು ನಕಲು ತಡಿಯೂ ಉಪಾಯ, ಆಟದ ಒಗಟಲ್ಲ. ಮ್ಯಾನುವಲ್ ಇಲ್ಲದಿದ್ರ ಎಷ್ಟು ತಲಿ ಕೆರಕೊಂಡ್ರೂ ಸಿಗೂದಿಲ್ಲ. ಎಸ್‌ಡಿಎಲ್‌ಪಾಪ್‌ನಾಗ ಅದನ್ನ ಐಎನ್‌ಐನಿಂದಲೇ ಬಂದ್ ಇಡಬಹುದು.

ಎರಡು, ಸೇವ್. ಕಂಟ್ರೋಲ್ ಮತ್ತು ಜಿ ಒತ್ತಿದ್ರ ಸೇವ್ ಆಗ್ತದ ಖರೆ, ಆದ್ರ 3ನೇ ಲೆವೆಲ್‌ನಿಂದ ಮುಂದ ಮಾತ್ರ. ಅದೂ ನಿಂತ ಜಾಗ ಅಲ್ಲ, ಲೆವೆಲ್ ಶುರುವಾಗೂ ಜಾಗ ಮತ್ತ ಸೇವ್ ಮಾಡಿದಾಗ ಉಳಿದ ಸಮಯ. ಎಸ್‌ಡಿಎಲ್‌ಪಾಪ್‌ನಾಗ ಎಫ್6 ಒತ್ತಿದ್ರ ನಿಂತಲ್ಲೇ ಸೇವ್, ಎಫ್9 ಒತ್ತಿದ್ರ ವಾಪಸ್. ಇದು ಆಟನ ಭಾಳ ಸಸಾರ ಮಾಡಿಬಿಡ್ತದ. "ಎನೇಬಲ್ ಕ್ವಿಕ್‌ಸೇವ್ ಪೆನಾಲ್ಟಿ" ಆನ್ ಮಾಡ್ರಿ, ವಾಪಸ್ ತಂದಾಗೆಲ್ಲ ಗಡಿಯಾರದಾಗ ಒಂದು ನಿಮಿಷದ ತನಕ ಕತ್ತರಿ ಬೀಳ್ತದ. ಸತ್ತು ಮತ್ತ ನಡ್ಕೊಂಡು ಬಂದ ಲೆಕ್ಕ ಆತು.

ಅಭ್ಯಾಸಕ್ಕ ಚೀಟ್ (ಆಟ ಸಲೀಸು ಮಾಡೂ ಗುಟ್ಟಿನ ಪದ) ಬೇಕಂದ್ರ ಡಾಸ್ 1.0 ಆವೃತ್ತಿನ "ಪ್ರಿನ್ಸ್ ಮೆಗಾಹಿಟ್" ಅಂತ ಶುರು ಮಾಡ್ರಿ. 1.3, 1.4ಕ್ಕ ಆ ಪದ ನಡಿಯೂದಿಲ್ಲ, "ಇಂಪ್ರೂವ್ಡ್" ಅಂತ ಹೊಡೀಬೇಕು. ಇದು ಗೊತ್ತಿಲ್ಲದ ಚೀಟ್ ಕೆಲಸ ಮಾಡವಲ್ದು ಅಂತ ಪ್ರಶ್ನೆ ಕೇಳೂ ಮಂದಿ ಇನ್ನೂ ಅದಾರ. ಚೀಟ್ ಇಲ್ಲದನೂ ಶಿಫ್ಟ್ ಮತ್ತು ಎಲ್ ಒತ್ತಿ 4ನೇ ಲೆವೆಲ್ ತನಕ ಜಿಗೀಬಹುದು, ಆದ್ರ ಉಳಿದ ಸಮಯ 15 ನಿಮಿಷಕ್ಕ ಇಳೀತದ.

---

ಹಳೇಫ್ಲಾಪಿ

ಕಂಟ್ರೋಲ್‌ಜಿ ಅವರೇ, ಆಸ್ಪೆಕ್ಟ್ ಸರಿಯಾಯ್ತು, ಫಝಿ ನಿಜಕ್ಕೂ ಚೆನ್ನಾಗಿದೆ. ಫಿಕ್ಸ್ ಮತ್ತು ಮಾಡ್ ವಿಷಯ ಇನ್ನೂ ಉಳಿದಿದೆ. ಮಾಡ್ ಫೋಲ್ಡರ್‌ನಲ್ಲಿ ಲೆವೆಲ್ಸ್.ಡಿಎಟಿ ಒಂದನ್ನೇ ಹಾಕಿದೀನಿ. ಜಿಪ್‌ನಲ್ಲಿ ಪ್ರಿನ್ಸ್.ಇಎಕ್ಸ್‌ಇ ಕೂಡ ಇತ್ತು, ಅದು ಡಾಸ್‌ದಲ್ವಾ ಅಂತ ಬಿಟ್ಟೆ.

---

ಗರಗಸದಬಾಯಿ

ಅಲ್ಲೇ ತಪ್ಪಿದ್ದು ಮಾರಾಯ್ರೆ. ಫೈಲ್ ಕೆಟ್ಟದ್ದಲ್ಲ.

ಲೆವೆಲ್ಸ್.ಡಿಎಟಿಯಲ್ಲಿ ಇರುವುದು ನಕ್ಷೆ ಮಾತ್ರ: ಒಂದು ಲೆವೆಲ್‌ಗೆ ಹೆಚ್ಚೆಂದರೆ 24 ರೂಮ್, ಒಂದು ರೂಮಿಗೆ ಅಡ್ಡ 10 ಉದ್ದ 3ರಂತೆ 30 ಅಂಕಣ, ರೂಮಿಗೆ ಒಬ್ಬನೇ ಕಾವಲುಗಾರ, ಯಾವ ಗುಂಡಿ ಮೆಟ್ಟಿದರೆ ಯಾವ ಗೇಟ್ ಏಳಬೇಕು ಎಂಬ ಸಂಬಂಧ. ಲೆವೆಲ್ ಸೆರೆಮನೆಯೋ ಅರಮನೆಯೋ, ಆ ಲೆವೆಲ್‌ನ ಕಾವಲುಗಾರನಿಗೆ ಜೀವ ಎಷ್ಟು, ಇದೆಲ್ಲ ಪ್ರೋಗ್ರಾಮಿನ ಒಳಗೆ ಉಂಟು. ಮೂಲದಲ್ಲಿ 1ರಿಂದ 3 ಸೆರೆಮನೆ, 4ರಿಂದ 6 ಅರಮನೆ, 7ರಿಂದ 9 ಪುನಃ ಸೆರೆಮನೆ, 10 ಮತ್ತು 11 ಅರಮನೆ, 12 ಮತ್ತು 13 ಸೆರೆಮನೆ. ಮಾಡ್ ಮಾಡಿದವರು 1ನೇ ಲೆವೆಲನ್ನು ಅರಮನೆ ಮಾಡಿದ್ದು ಇಎಕ್ಸ್‌ಇಯ ಬೈಟ್ ತಿದ್ದಿ. ನೀವು ಅದನ್ನೇ ಹೊರಗೆ ಬಿಟ್ಟಿರಿ.

ಮಾಡುವುದು ಹೀಗೆ. ಎಸ್‌ಡಿಎಲ್‌ಪಾಪ್ ಇರುವ ಫೋಲ್ಡರ್‌ನಲ್ಲಿ ಮಾಡ್ಸ್ ಎಂಬ ಫೋಲ್ಡರ್ ಉಂಟು. ಅದರೊಳಗೆ ಮಾಡ್‌ನ ಹೆಸರಲ್ಲಿ ಒಂದು ಫೋಲ್ಡರ್ ಮಾಡಿ, ಜಿಪ್‌ನಲ್ಲಿ ಇದ್ದ ಎಲ್ಲವನ್ನೂ ಹಾಕಿ, ಇಎಕ್ಸ್‌ಇಯನ್ನೂ ಸೇರಿಸಿ. ಅದನ್ನು ಓಡಿಸಲಿಕ್ಕೆ ಅಲ್ಲ. ಈಗಿನ ಎಸ್‌ಡಿಎಲ್‌ಪಾಪ್ ಅದನ್ನು ಓದಿ, ತನಗೆ ಗುರುತು ಸಿಕ್ಕಿದ ಬದಲಾವಣೆಗಳನ್ನು ಎತ್ತಿಕೊಳ್ಳುತ್ತದೆ. ಆಮೇಲೆ ಮುಖ್ಯ ಐಎನ್‌ಐಯ "ಲೆವೆಲ್‌ಸೆಟ್" ಸಾಲಿನಲ್ಲಿ "ಒರಿಜಿನಲ್" ತೆಗೆದು ಆ ಫೋಲ್ಡರ್ ಹೆಸರು ಬರೆಯಿರಿ. ಹೆಸರಲ್ಲಿ ಒಂದು ಅಕ್ಷರ ಆಚೀಚೆ ಆದರೂ ಆಗುದಿಲ್ಲ.

ಅದರಿಂದಲೂ ಸರಿ ಆಗದಿದ್ದರೆ ಮಾಡ್ ಫೋಲ್ಡರ್‌ನಲ್ಲಿ ಮಾಡ್.ಐಎನ್‌ಐ ಎಂಬ ಫೈಲ್ ನೀವೇ ಮಾಡಬಹುದು. ಅದರಲ್ಲಿ "ಲೆವೆಲ್ 1" ಎಂಬ ಭಾಗದ ಕೆಳಗೆ ಲೆವೆಲ್ ಟೈಪ್ ಪ್ಯಾಲೇಸ್ ಎಂದು ಕೊಡಿ. ಕಾವಲುಗಾರನ ಜೀವವನ್ನೂ ಅಲ್ಲೇ ಕೊಡಬಹುದು. ಶುರುವಿನ ಸಮಯ, ಶುರುವಿನ ಜೀವ ಇಂಥದ್ದು "ಕಸ್ಟಮ್ ಗೇಮ್‌ಪ್ಲೇ" ಭಾಗದಲ್ಲಿ. ಬರೆಯುವ ಕ್ರಮ ಮುಖ್ಯ ಐಎನ್‌ಐಯಲ್ಲೇ ಇದೆ, ನೋಡಿ ಇಳಿಸಿಕೊಳ್ಳಿ.

ಚಿತ್ರಗಳೂ ಹಳೆಯವೇ ಬರುತ್ತಿದ್ದರೆ "ಆಲ್ವೇಸ್ ಯೂಸ್ ಒರಿಜಿನಲ್ ಗ್ರಾಫಿಕ್ಸ್" ಆನ್ ಆಗಿದೆಯಾ ನೋಡಿ. ಸಂಗೀತಕ್ಕೂ ಅಂಥದ್ದೇ ಇನ್ನೊಂದು ಸಾಲು ಉಂಟು.

ಇನ್ನು ಫಿಕ್ಸ್. ಇಲ್ಲಿ ಮೂರನೇಮಹಡಿಯವರ ಮಾತು ನನಗೆ ಒಪ್ಪಿಗೆ ಇಲ್ಲ. ಎಲ್ಲಾ ಆನ್ ಮಾಡಿ ಎನ್ನುವುದು ಮೂಲ ಲೆವೆಲ್‌ಗಳಿಗೆ ನಡೆದೀತು, ಮಾಡ್‌ಗಳಿಗೆ ಖಂಡಿತ ಬೇಡ. ಹಳೆಯ ಮಾಡ್ ಮಾಡಿದವರಿಗೆ ಈ ಆಟದ ಹುಳುಕುಗಳೆಲ್ಲ ಬಾಯಿಪಾಠ. ಗೇಟಿನ ಮೇಲಿನ ಗೋಡೆಯನ್ನು ಹಾರಿ ತೂರಿ ಹೋಗುವುದು, ಮುಳ್ಳಿನ ಮೇಲೆ ಒಂದು ರೀತಿಯಲ್ಲಿ ಬಿದ್ದರೆ ಏನೂ ಆಗದೆ ಉಳಿಯುವುದು, ಕಾವಲುಗಾರ ಮುಚ್ಚಿದ ಗೇಟಿನ ಮೂಲಕ ಹಿಂದೆಯೇ ಬರುವುದು: ಇವನ್ನೇ ಒಗಟು ಮಾಡಿ ಲೆವೆಲ್ ಕಟ್ಟಿದವರು ಇದ್ದಾರೆ. ಅಲ್ಲಿ ಫಿಕ್ಸ್ ಆನ್ ಮಾಡಿದರೆ ದಾರಿಯೇ ಮುಚ್ಚಿ ಹೋಗುತ್ತದೆ. ಮತ್ತೆ ಮಾಡ್ ಸರಿ ಇಲ್ಲ ಎಂದು ಬೈಯುವುದು.

---

ಮೂರನೇಮಹಡಿ

ಮಾಡ್ ಮಟ್ಟಿಗೆ ಒಪ್ಪಿದೆ. ಮೂಲಕ್ಕೆ ಆದ್ರೂ ಆನ್ ಇರಲಿ ಅಂತಲೇ ನನ್ನ ವಾದ. ದಾರಿಯಲ್ಲಿ ಬಾಯಿ ತೆರೆದು ಮುಚ್ಚೋ ಗರಗಸ ಕೆಲವೊಮ್ಮೆ ಶುರುವಾಗದೇ ನಿಂತಿರೋದು ಯಾರಿಗೆ ಬೇಕು ಹೇಳಿ?

---

ಗರಗಸದಬಾಯಿ

ಗರಗಸದ್ದು ಆನ್ ಇರಲಿ, ಅದು ನಿಜವಾದ ತಪ್ಪು. ಆದರೆ ಆ ಪಟ್ಟಿಯಲ್ಲಿ ಎರಡು ಜಾತಿ ಸೇರಿಕೊಂಡಿದೆ. ಒಂದು ತಪ್ಪು ತಿದ್ದುವುದು. ಇನ್ನೊಂದು ಆಟವನ್ನೇ ಬದಲಿಸುವುದು. "ರಿಮೆಂಬರ್ ಗಾರ್ಡ್ ಎಚ್‌ಪಿ" ನೋಡಿ. ಮೂಲದಲ್ಲಿ ನೀವು ಕಾವಲುಗಾರನಿಗೆ ಎರಡು ಏಟು ಕೊಟ್ಟು ಪಕ್ಕದ ರೂಮಿಗೆ ಓಡಿ ಹೋಗಿ ಬಂದರೆ ಅವನ ಜೀವ ಪುನಃ ತುಂಬಿರುತ್ತದೆ. ಓಡಿದ್ದಕ್ಕೆ ದಂಡ ಅದು. ಈ ಫಿಕ್ಸ್ ಹಾಕಿದರೆ ದಂಡ ಇಲ್ಲ, ಕಂತಿನಲ್ಲಿ ಕೊಲ್ಲಬಹುದು. "ಫ್ರೀಜ್ ಟೈಮ್ ಡ್ಯೂರಿಂಗ್ ಎಂಡ್ ಮ್ಯೂಸಿಕ್" ಹಾಕಿದರೆ ಲೆವೆಲ್ ಮುಗಿದಾಗ ಸಂಗೀತ ನುಡಿಯುವಷ್ಟು ಹೊತ್ತು ಗಡಿಯಾರ ನಿಲ್ಲುತ್ತದೆ. ಸೂಪರ್ ಹೈ ಜಂಪ್ ಅಂತೂ ಬೇಡವೇ ಬೇಡ.

ಹಾಗಾಗಿ ಮೊದಲ ಸಲಕ್ಕೆ: ಆ ಪಟ್ಟಿಯಲ್ಲಿ ಎನೇಬಲ್ ಎಂದು ಶುರುವಾಗುವ ಸಾಲುಗಳೆಲ್ಲ ಫಾಲ್ಸ್, ಕ್ವಿಕ್‌ಸೇವ್‌ನ ಎರಡು ಬಿಟ್ಟು. ಫಿಕ್ಸ್ ಎಂದು ಶುರುವಾಗುವವು ಟ್ರೂ. ಮಾಡ್ ಆಡುವಾಗ ಎರಡೂ ಬೇಡ, "ಯೂಸ್ ಫಿಕ್ಸಸ್ ಅಂಡ್ ಎನ್‌ಹಾನ್ಸ್‌ಮೆಂಟ್ಸ್" ಎಂಬ ತಲೆಸಾಲನ್ನೇ ಫಾಲ್ಸ್ ಮಾಡಿ. ಅಲ್ಲಿ "ಪ್ರಾಂಪ್ಟ್" ಎಂದು ಬರೆದರೆ ಪ್ರತಿ ಸಲ ಕೇಳುತ್ತದೆ, ಎರಡೂ ಆಡುವವರಿಗೆ ಅದೇ ಅನುಕೂಲ.

ಯಾವುದೋ ಜಾಗದಲ್ಲಿ ಸಿಕ್ಕಿಬಿದ್ದು, ಇದು ಹುಳುಕೋ ಒಗಟೋ ಗೊತ್ತಾಗದಿದ್ದರೆ ಆಟದ ನಡುವೆ ಕಂಟ್ರೋಲ್ ಮತ್ತು ಟ್ಯಾಬ್ ಒತ್ತಿ ರೆಕಾರ್ಡ್ ಮಾಡಿ, ಆ ಪಿ1ಆರ್ ಫೈಲನ್ನು ಇಲ್ಲಿ ಹಾಕಿ. ವಿಡಿಯೋ ಬೇಡ. ಅದರಲ್ಲಿ ನಿಮ್ಮ ಫಿಕ್ಸ್‌ಗಳ ಆಯ್ಕೆಯೂ ಸೇರಿರುತ್ತದೆ, ನೋಡಿದ ಕೂಡಲೇ ಹೇಳಬಹುದು.

---

ಬಿಳಿಬಟ್ಟೆ

ಒಂದು ಸೇರಿಸ್ತೀನಿ. ಪೋರ್ಟ್‌ಗಳಲ್ಲಿ ಕುತೂಹಲ ಇದ್ದರೆ ಹಳೇ 8 ಬಿಟ್ ಯಂತ್ರಗಳಿಗೆ ಅಭಿಮಾನಿಗಳು ಮಾಡಿದ್ದನ್ನೂ ನೋಡಿ: ಕಮಡೋರ್ 64ಗೆ 2011ರಲ್ಲಿ, ಬಿಬಿಸಿ ಮಾಸ್ಟರ್‌ಗೆ 2018ರಲ್ಲಿ, ಅಟಾರಿ ಎಕ್ಸ್‌ಎಲ್/ಎಕ್ಸ್‌ಇಗೆ 2021ರಲ್ಲಿ ಬಂತು. ಕಮಡೋರ್‌ದು ಆಪಲ್ 2ರ ಪ್ರೋಗ್ರಾಮನ್ನೇ ಬಿಚ್ಚಿ ಮಾಡಿದ್ದು. ಮೆಕ್ನರ್ ತಮ್ಮ ಆಪಲ್ 2 ಸೋರ್ಸ್ ಕೋಡ್ ಬಹಿರಂಗ ಮಾಡಿದ್ದು 2012ರಲ್ಲಿ, ಬಿಬಿಸಿಯವರಿಗೆ ಅದು ಸಿಕ್ಕಿತು. ಮೂರೂ ಯಂತ್ರದ್ದು 6502 ಕುಲದ ಪ್ರೊಸೆಸರ್, ಆಪಲ್ 2ರದ್ದೂ ಅದೇ. ಆದ್ದರಿಂದ ಲೆಕ್ಕಾಚಾರದ ಭಾಗ ಹೆಚ್ಚುಕಮ್ಮಿ ಹಾಗೇ ಕೂರುತ್ತೆ. ಬೆವರು ಹರಿಯೋದು ಚಿತ್ರ ಬಿಡಿಸೋ ಭಾಗದಲ್ಲಿ ಮತ್ತು ಮೆಮೊರಿಯಲ್ಲಿ. ಮೂಲಕ್ಕೇ 128 ಕೆಬಿ ಬೇಕಿತ್ತು.

ಆ ಮೆಮೊರಿ ಬಿಗಿಯಿಂದಲೇ ನೆರಳು ಮನುಷ್ಯ, ಅಂದ್ರೆ ಆಟದಲ್ಲಿ ಎದುರಾಗೋ ರಾಜಕುಮಾರನ ಪ್ರತಿರೂಪ, ಹುಟ್ಟಿದ್ದು. ಇನ್ನೊಂದು ಪಾತ್ರದ ಚಿತ್ರಗಳಿಗೆ ಜಾಗ ಇರಲಿಲ್ಲ. ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಸರಿಸಿ, ಅದರ ಮೇಲೆ ಅದನ್ನೇ ಎಕ್ಸ್‌ಆರ್ ಮಾಡಿದರೆ (ಎರಡರಲ್ಲಿ ಬೇರೆಯಾಗಿರೋ ಬಿಟ್ ಮಾತ್ರ ಉಳಿಸಿದರೆ) ಮಿನುಗೋ ಅಂಚಿನ ಒಂದು ಆಕೃತಿ ಪುಕ್ಕಟೆ ಸಿಕ್ಕಿತು. 2007ರ ರೀಮೇಕ್‌ಗೆ ಈ ಬಡತನ ಇರಲಿಲ್ಲ. ಅದರಲ್ಲಿ ನೆರಳು ಮನುಷ್ಯ ಅಷ್ಟು ವಿಚಿತ್ರ ಅನಿಸಲ್ಲ ಅನ್ನೋದು ನನ್ನ ದೂರು.

ಮಾಡ್‌ಗೆ ಚಿತ್ರ ತಿದ್ದೋರಿಗೆ: 16 ಬಣ್ಣದ ಇಂಡೆಕ್ಸ್ಡ್ ಪಿಎನ್‌ಜಿಯಾಗಿಯೇ ಉಳಿಸಿ, ಪ್ಯಾಲೆಟ್‌ನ ಸಾಲು ಕದಲಿಸಬೇಡಿ. ಕಾವಲುಗಾರರ ಬಟ್ಟೆ ಬಣ್ಣ ಬದಲಾಗೋದು ಪ್ಯಾಲೆಟ್ ಬದಲಿಸಿ. ಪೂರ್ಣ ಬಣ್ಣದ ಚಿತ್ರವಾಗಿ ಉಳಿಸಿದರೆ ಎಲ್ಲರೂ ಒಂದೇ ಬಟ್ಟೆಯಲ್ಲಿ ಬರ್ತಾರೆ.

---

ಹಳೇಫ್ಲಾಪಿ

ಇಎಕ್ಸ್‌ಇ ಹಾಕಿದ ಕೂಡಲೇ ಅರಮನೆ ಬಂತು! ಎಲ್ಲರಿಗೂ ಧನ್ಯವಾದ. ಕೊನೇದೊಂದು. ಈ ಮಾಡ್‌ನ 8ನೇ ಲೆವೆಲ್‌ನಲ್ಲಿ ಹೊರಬಾಗಿಲು ತೆರೆದಿದೆ, ಗೇಟ್ ಮುಚ್ಚಿ ನಾನು ಈಚೆ ಸಿಕ್ಕಿಬಿದ್ದಿದೀನಿ. ಮೂಲದ ಹಾಗೆ ಇಲಿ ಬಂದು ಗುಂಡಿ ಮೆಟ್ಟಬೇಕಲ್ವಾ? ಎಷ್ಟು ಕಾದ್ರೂ ಬರ್ತಿಲ್ಲ.

---

ಗರಗಸದಬಾಯಿ

ಇಲಿ ಎಲ್ಲೆಂದರಲ್ಲಿ ಬರುದಿಲ್ಲ. 8ನೇ ಲೆವೆಲ್, 16ನೇ ನಂಬರಿನ ರೂಮ್, ಹೊರಬಾಗಿಲು ತೆರೆದಿರಬೇಕು, ನೀವು ಆ ರೂಮಿನಲ್ಲಿ 150 ಚಿತ್ರಗಳಷ್ಟು ಹೊತ್ತು ನಿಲ್ಲಬೇಕು. ಅಂದರೆ ಹನ್ನೆರಡೂವರೆ ಸೆಕೆಂಡ್. ಇದೂ ಪ್ರೋಗ್ರಾಮಿನೊಳಗೇ ಕೊರೆದದ್ದು, ನಕ್ಷೆಯಲ್ಲಿ ಇಲ್ಲ. ಕನ್ನಡಿಯೂ ಹಾಗೆಯೇ, 4ನೇ ಲೆವೆಲ್‌ನ 4ನೇ ರೂಮ್. ನೆರಳು ಬಾಟ್ಲಿ ಕದಿಯುವುದು 5ನೇ ಲೆವೆಲ್‌ನ 24ನೇ ರೂಮ್.

ಎಪಾಪ್ಲೆಕ್ಸಿ ಎಡಿಟರ್‌ನಲ್ಲಿ ಮಾಡ್‌ನ 8ನೇ ಲೆವೆಲ್ ತೆರೆದು ನೀವು ನಿಂತ ರೂಮಿನ ನಂಬರ್ ನೋಡಿ. 16 ಅಲ್ಲದಿದ್ದರೆ ಅಲ್ಲಿ ಇಲಿ ಬರುವ ಲೆಕ್ಕವೇ ಇಲ್ಲ, ದಾರಿ ಬೇರೆ ಕಡೆ ಉಂಟು. ಮೇಲಿನ ಸಾಲಿನ ಕಲ್ಲುಗಳನ್ನು ಒಂದೊಂದೇ ಹಾರಿ ಗುದ್ದಿ ನೋಡಿ, ಸಡಿಲ ಇದ್ದದ್ದು ಅಲುಗುತ್ತದೆ.